ಟ್ರಂಪೆಟ್ ಕಲಿಯುವವರಿಗೆ: ತುಟಿ, ದಮ್ಮು ಮತ್ತು ಸುಮ್ಮನಿರುವ ಹೊತ್ತು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಬ್ಯಾಂಡಿನ ಹುಡುಗರು ಇಷ್ಟು ಜನ ಮದುವೆ ಮನೆ ಬಿಟ್ಟು ಬೇರೆ ಕಡೆ ಒಟ್ಟಿಗೆ ಕೂತಿದ್ದನ್ನು ನಾನು ನೋಡಿರಲಿಲ್ಲ. ಸಿರುಗುಪ್ಪ, ಕಂಪ್ಲಿಯಿಂದಲೂ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಟ್ರಂಪೆಟ್ ಕಲಿಸುವ ರೀತಿಗಳ ಬಗ್ಗೆ, ಪ್ರಾಕ್ಟೀಸ್ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ನಾವು ಕಿವಿಯಿಂದ ಕಲಿತವರು, ಅದು ನಮ್ಮ ಆಸ್ತಿ. ಆದರೆ ತುಟಿಗೆ ಬಿಡುವು ಕೊಡೋದನ್ನು ನಮಗೆ ಯಾರೂ ಕಲಿಸಲಿಲ್ಲ.

ನನಗಾಗ ಇಪ್ಪತ್ತೆರಡು ವರ್ಷ. ಮೇ ತಿಂಗಳು, ಒಂದೇ ದಿನ ಮೂರು ಮೆರವಣಿಗೆ. ಮೂರನೆಯದು ಕೌಲ್ ಬಜಾರಿನಲ್ಲಿ, ರಾತ್ರಿ ಹತ್ತು ದಾಟಿತ್ತು. ಪಲ್ಲವಿಯ ಮೇಲಿನ ಸ್ವರಕ್ಕೆ ಹೋದೆ, ಸ್ವರ ಬರಲಿಲ್ಲ, ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಹಿರಿಯರು "ಗಟ್ಟಿಯಾಗಿ ಒತ್ತಲೇ, ಬರ್ತೈತಿ" ಅಂದರು. ಒತ್ತಿದೆ. ಬಂತು, ನಾಲ್ಕು ಸಲ ಬಂತು. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಮೇಲ್ದುಟಿ ಊದಿಕೊಂಡಿದೆ, ತುಟಿಗೆ ಇಟ್ಟು ಊದುವ ಮೌತ್‌ಪೀಸಿನ ದುಂಡು ಗುರುತು ಕೆಂಪಗೆ ಹಾಗೇ ಕೂತಿದೆ, ಒಳಗೆ ಹಲ್ಲು ಒತ್ತಿ ಗಾಯ ಆಗಿದೆ. ಚಹಾ ಕುಡಿಯೋಕೂ ಆಗಲಿಲ್ಲ. ಎರಡು ತಿಂಗಳು ವಾದ್ಯ ಮುಟ್ಟಲಿಲ್ಲ. ಆ ಸೀಸನ್ನಿನ ದುಡಿಮೆ ಪೂರ್ತಿ ಹೋಯಿತು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹಾಗೇ ಕಲಿತವರು. ಆದರೆ ಈ ಮಾತು ನಿಮ್ಮವರೆಗೂ ಬರೋದು ಬೇಡ ಅಂತ ನನ್ನ ಆಸೆ.

ಟ್ರಂಪೆಟ್‌ನಲ್ಲಿ ಸದ್ದು ಹುಟ್ಟೋದು ಹಿತ್ತಾಳೆಯಲ್ಲಿ ಅಲ್ಲ, ತುಟಿಯಲ್ಲಿ. ಉಸಿರು ಹೋಗುವಾಗ ತುಟಿ ನಡುಗುತ್ತದೆ, ಕೊಳವೆ ಅದನ್ನು ದೊಡ್ಡದು ಮಾಡುತ್ತದೆ. ಬಟನ್ ಒತ್ತದೇ ನೋಡಿ, ಬರೀ ತುಟಿ ಮತ್ತು ಗಾಳಿಯಿಂದ ಸ, ಪ, ಮೇಲಿನ ಸ, ಗ, ಪ ಎಲ್ಲಾ ಬರುತ್ತವೆ. ನಮ್ಮ ಕೊಂಬು ಕಹಳೆ ಇರೋದೂ ಇದೇ ಲೆಕ್ಕದ ಮೇಲೆ, ಅದಕ್ಕೆ ಬಟನ್ ಎಲ್ಲಿದೆ? ಟ್ರಂಪೆಟ್ಟಿನ ಮೂರು ಬಟನ್ ಮಾಡೋದು ಇಷ್ಟೇ: ಎರಡನೆಯದು ಅರ್ಧ ಸ್ವರ ಇಳಿಸುತ್ತದೆ, ಮೊದಲನೆಯದು ಒಂದು, ಮೂರನೆಯದು ಒಂದೂವರೆ. ಬೆರಳಿನ ಕೆಲಸ ಒಂದು ತಿಂಗಳಲ್ಲಿ ಬರುತ್ತದೆ. ತುಟಿಯ ಕೆಲಸಕ್ಕೆ ವರ್ಷಗಳು ಬೇಕು.

ಈಗ ಕಲಿಸುವ ರೀತಿಗೆ ಬರೋಣ. ಫ್ರಾನ್ಸ್‌ನಲ್ಲಿ ಆರ್ಬನ್ ಅಂತ ಒಬ್ಬರಿದ್ದರು, ಪ್ಯಾರಿಸ್ ಕನ್ಸರ್ವೇಟರಿ ಅನ್ನುವ ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಟ್ರಂಪೆಟ್ಟಿನ ಹಾಗೇ ಇರುವ ಕಾರ್ನೆಟ್ ವಾದ್ಯಕ್ಕೆ ಅಂತ ಅವರು 1864ರಲ್ಲಿ ತಂದ ಅಭ್ಯಾಸದ ಪುಸ್ತಕವನ್ನು ಟ್ರಂಪೆಟ್ ಕಲಿಯುವವರು ಇವತ್ತಿಗೂ ತೆರೆಯುತ್ತಾರೆ. ಅವರದ್ದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ದಾರಿ. ನಾಲಗೆಗೆ ಬೇರೆ ಪಾಠ, ಜಾರಿಸಿ ಊದೋದಕ್ಕೆ ಬೇರೆ, ಸ್ವರದ ಓಟಕ್ಕೆ ಬೇರೆ. ಅಮೆರಿಕದ ಹರ್ಬರ್ಟ್ ಕ್ಲಾರ್ಕ್ ಅವರದ್ದು ಇನ್ನೊಂದು ದಾರಿ. ಅಲ್ಲಿನ ಸೂಸಾ ಅನ್ನುವವರ ಬ್ಯಾಂಡಿನ ಹೆಸರಾಂತ ಕಾರ್ನೆಟ್ ವಾದಕರು ಅವರು. ತಮ್ಮ ಅಭ್ಯಾಸಗಳನ್ನು ತುಂಬಾ ಮೆತ್ತಗೆ ಊದಿ, ಒಂದೇ ಉಸಿರಿನಲ್ಲಿ ಮತ್ತೆ ಮತ್ತೆ ಊದಿ ಅಂತ ಹೇಳಿದರು. ಮೆತ್ತಗೆ! ನಮ್ಮಲ್ಲಿ ಮೆತ್ತಗೆ ಊದಿದರೆ "ಊಟ ಮಾಡಿಲ್ವಾ" ಅಂತ ಕೇಳುತ್ತಾರೆ. ಆದರೆ ಕಡಿಮೆ ಗಾಳಿಗೂ ನಡುಗುವ ತುಟಿ ಬೀದಿಯಲ್ಲಿ ಮೂರು ತಾಸು ನಿಲ್ಲುತ್ತದೆ. ಇದು ನಾನು ನನ್ನ ತುಟಿಯಲ್ಲೇ ಕಂಡದ್ದು.

ಕಾರ್ಮೈನ್ ಕರೂಸೊ ಅಂತ ಮತ್ತೊಬ್ಬ ಗುರು, ಸ್ವತಃ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ಅವರು ತುಟಿಯನ್ನು ವ್ಯಾಯಾಮದ ಹಾಗೆ ಪಳಗಿಸಿದರು. ಕಾಲಿನಲ್ಲಿ ತಾಳ ಹಾಕು, ಮೌತ್‌ಪೀಸ್ ತುಟಿಯಿಂದ ತೆಗೆಯಬೇಡ, ಮೂಗಿನಿಂದ ಉಸಿರು ತೆಗೆದುಕೋ, ಗಾಳಿ ಒಂದೇ ಸಮ ಬಿಡು. ಕೆಲವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮೂರು ಮೆರವಣಿಗೆ ಮುಗಿಸಿ ಬಂದ ತುಟಿಯ ಮೇಲೆ ಇದನ್ನಂತೂ ಮಾಡಲೇಬೇಡಿ.

ನನ್ನ ಮನಸ್ಸಿಗೆ ಹತ್ತಿರವಾದವರು ಆರ್ನಾಲ್ಡ್ ಜೇಕಬ್ಸ್. 1944ರಿಂದ 1988ರವರೆಗೆ ಅಮೆರಿಕದ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ನುಡಿಸಿದವರು. ಅವರ ಹತ್ತಿರ ಎಲ್ಲಾ ಬಗೆಯ ಹಿತ್ತಾಳೆ ವಾದ್ಯದವರೂ ಪಾಠಕ್ಕೆ ಬರುತ್ತಿದ್ದರು. ತುಟಿ ಹೇಗಿದೆ, ಗಲ್ಲ ಹೇಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಸ್ವರವನ್ನು ತಲೆಯೊಳಗೆ ಹಾಡಿ, ಆಮೇಲೆ ಧಾರಾಳವಾಗಿ ಗಾಳಿ ಬಿಡಿ ಅನ್ನೋದು ಅವರ ಪಾಠದ ತಿರುಳು. ಇದನ್ನು ಮೊದಲ ಸಲ ತಿಳಿದಾಗ ನನಗೆ ಮೈ ಜುಮ್ಮೆಂದಿತು. ಯಾಕಂದರೆ ನಮ್ಮ ಮಾಸ್ಟರ್ ಬೇವಿನ ಮರದ ಕೆಳಗೆ ನಮ್ಮನ್ನು ಕೂರಿಸಿ ಮಾಡಿಸುತ್ತಿದ್ದದ್ದೂ ಅದನ್ನೇ. ಒಂದು ಸಾಲು ಅವರು ಹಾಡೋರು, ನಾವು ಹಾಡಬೇಕು, ಸರಿಯಾಗಿ ಹಾಡುವವರೆಗೂ ವಾದ್ಯ ಮುಟ್ಟೋಕೆ ಬಿಡುತ್ತಿರಲಿಲ್ಲ. ನೋಟೇಶನ್, ಅಂದರೆ ಸ್ವರ ಬರೆಯೋ ಲಿಪಿ, ಅವರಿಗೆ ಗೊತ್ತಿರಲಿಲ್ಲ. ಆದರೂ ಸರಿಯಾದ ಜಾಗದಿಂದಲೇ ಪಾಠ ಶುರು ಮಾಡಿದ್ದರು, ಅಲ್ವಾ?

ಹಾಗಂತ ಓದೋದು ಬೇಡ ಅನ್ನುತ್ತಿಲ್ಲ. ಗೋವಾದಲ್ಲಿ ಚರ್ಚಿನ ಶಾಲೆಗಳಲ್ಲೇ ಮಕ್ಕಳು ನೋಟೇಶನ್ ಓದಲು ಕಲಿಯುತ್ತಿದ್ದರು, ಅದಕ್ಕೇ ಬೊಂಬಾಯಿಯ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗೋವಾದವರು ಅಷ್ಟೊಂದು ಜನ ಇದ್ದರು. ಚಿಕ್ ಚಾಕೊಲೇಟ್ ಅಂತ ಹೆಸರಾದ ಟ್ರಂಪೆಟ್ ವಾದಕರೂ ಗೋವಾ ಮೂಲದವರೇ. ಕಿವಿ ಇದ್ದವನಿಗೆ ಓದೋದೂ ಬಂದರೆ ಊರು ದಾಟಿ ಹೋಗಬಹುದು.

ಈಗ ದಿನದ ಪ್ರಾಕ್ಟೀಸ್. ಬೆಳಿಗ್ಗೆ ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು. ಭಾನುವಾರ ಮಾತ್ರ ನಾಲ್ಕು ತಾಸು ಕೂರೋದರಿಂದ ತುಟಿಗೆ ಏಟು ಬೀಳುತ್ತದೆ ಅಷ್ಟೇ. ಬಟನ್ ಒತ್ತದೇ ನಡುವಿನ ಪ ಹಿಡಿಯಿರಿ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ ಅಂದುಕೊಂಡು ಅಷ್ಟು ಮೆತ್ತಗೆ ಊದಿ. ಎಂಟು ಎಣಿಸಿ, ಬಿಡಿ. ಮೌತ್‌ಪೀಸ್ ತೆಗೆದು ತುಟಿಯನ್ನು ಕುದುರೆ ಹಾಗೆ ಬುರ್ ಅನ್ನಿಸಿ, ಮತ್ತೆ ಎಂಟು ಎಣಿಸುತ್ತಾ ಸುಮ್ನೆ ಕೂರಿ. ಊದಿದಷ್ಟೇ ಹೊತ್ತು ಬಿಡುವು. ಹೊರದೇಶದ ಬಹಳ ಗುರುಗಳು ಹೇಳಿದ ಮಾತು ಇದು, ನಾವು ಕಡೆಗಣಿಸಿದ್ದೂ ಇದನ್ನೇ. ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಅಂಥ ಮಹಾ ಟ್ರಂಪೆಟ್ ವಾದಕರ ತುಟಿಯೇ ಮತ್ತೆ ಮತ್ತೆ ಗಾಯವಾಗಿ ಕೆಟ್ಟಿತು. ತುಟಿಯ ಸ್ನಾಯು ಹರಿಯುವ ಆ ತೊಂದರೆಗೆ ಡಾಕ್ಟರುಗಳು ಅವರ ಅಡ್ಡಹೆಸರನ್ನೇ ಇಟ್ಟು ಸ್ಯಾಚ್ಮೊ ಸಿಂಡ್ರೋಮ್ ಅನ್ನುತ್ತಾರೆ.

ನಮ್ಮ ಬಿಸಿಲಿನ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇನಲ್ಲಿ ಕೊಳವೆಯೊಳಗಿನ ಗಾಳಿ ಕಾದು ಶ್ರುತಿ ಏರುತ್ತದೆ. ಕೀಬೋರ್ಡಿನ ಶ್ರುತಿ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ತುಟಿ ಸಡಿಲ ಬಿಟ್ಟು ಇಳಿಸೋಕೆ ಹೋಗಬೇಡಿ, ಶ್ರುತಿ ಮಾಡುವ ದೊಡ್ಡ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಸ್ವಲ್ಪ ಹೊರಗೆ ಎಳೆಯಿರಿ. ಬಿಡುವಿನಲ್ಲಿ ವಾದ್ಯವನ್ನು ಆಟೋ ಮೇಲೆ ಇಡಬೇಡಿ, ನೆರಳಿನಲ್ಲಿ ಇಡಿ.

ಮೆರವಣಿಗೆಯಲ್ಲಿ ಬಿಡುವು ಎಲ್ಲಿ ಸಿಗುತ್ತದೆ ಅಂತ ಮುಂದೆ ಕೂತ ತಮ್ಮ ಆಗಲೇ ಕೇಳಿದ. ಹಂಚಿಕೊಳ್ಳಿ. ಇಬ್ಬರು ಟ್ರಂಪೆಟ್ ಇದ್ದರೆ ಪಲ್ಲವಿ ಒಬ್ಬ, ಚರಣ ಒಬ್ಬ. ಒಬ್ಬನೇ ಇದ್ದರೆ ಚರಣ ಕ್ಲಾರಿಯೊನೆಟ್‌ಗೆ ಬಿಡಿ. ಮೇಲಿನ ಸ್ವರ ಬರದಿದ್ದ ದಿನ ಆ ಹಾಡನ್ನೇ ಕೆಳಗಿನ ಸ್ಥಾಯಿಯಲ್ಲಿ ಊದಿ, ಕುಣಿಯುವವರು ಆಗಲೂ ಕುಣಿಯುತ್ತಾರೆ. ಸರಿ, ಈಗ ಎಲ್ಲರೂ ವಾದ್ಯ ತೆಗೆಯಿರಿ. ನಡುವಿನ ಪ, ಮೆತ್ತಗೆ, ಎಂಟು ಎಣಿಕೆ. ಮೊದಲು ಬಾಯಲ್ಲಿ ಹಾಡೋಣ.