ಗೋಷ್ಠಿಗೆ ಒಂದು ವೀಣೆ ತನ್ನಿ

ಕೇಳುಗರಿಗೆ ನಮಸ್ಕಾರ. ಸಂಗೀತಶಾಸ್ತ್ರದ ಚರಿತ್ರೆಯ ಮೇಲೆ ವಿದ್ವಾಂಸರ ಗೋಷ್ಠಿ ಅಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಂದು ಮೈಕು, ಒಂದು ಲೋಟ ನೀರು, ಮುಗಿಯದ ಪ್ರಬಂಧ. ಸುಳ್ಳಲ್ಲ ಬಿಡಿ, ಆ ಕುರ್ಚಿಗಳಲ್ಲಿ ನಾನೂ ತೂಕಡಿಸಿದ್ದೇನೆ. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಅಂಥ ಗೋಷ್ಠಿಯಲ್ಲಿ ಶ್ರುತಿ ಮಾಡಿದ ಒಂದು ವೀಣೆ ಇರಲೇಬೇಕು.

1916ರಲ್ಲಿ ಬರೋಡಾದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ನಡೆಯಿತು. ಅದರ ಹಿಂದೆ ನಿಂತವರು ಸಂಗೀತಶಾಸ್ತ್ರಜ್ಞ ಭಾತಖಂಡೆ, ಓದಿದ್ದು ವಕೀಲಿ. ತಂಜಾವೂರಿನಿಂದ ಬಂದಿದ್ದ ಅಬ್ರಹಾಂ ಪಂಡಿತರ್ ಸಿದ್ಧವೈದ್ಯರು. ಒಂದು ಸ್ಥಾಯಿಯಲ್ಲಿ, ಅಂದರೆ ಒಂದು 'ಸ'ದಿಂದ ಮೇಲಿನ 'ಸ'ದವರೆಗೆ, ಶ್ರುತಿ ಅನ್ನುವ ಸಣ್ಣ ಸ್ವರಾಂತರಗಳು ಎಷ್ಟು ಅನ್ನುವುದು ಜಗಳ. ಹಳೆಯ ಗ್ರಂಥಗಳ ಲೆಕ್ಕ 22. ಪಂಡಿತರ್ 24 ಅಂದರು. ಅಂದು ಸುಮ್ನೆ ಕೂರಲಿಲ್ಲ, ತಮ್ಮ ಮನೆಯ ಹೆಣ್ಣುಮಕ್ಕಳಿಂದ ಹಾಡಿಸಿಯೂ ತೋರಿಸಿದರು. 24 ಸರಿಯೋ ತಪ್ಪೋ, ಅದು ಬೇರೆ ಮಾತು. ಸಭೆಯ ಕಿವಿಗೆ ಬಿತ್ತಲ್ಲ!

ಈಗ ನಾನೇ ಕಂಡದ್ದು. ಒಂದು ವಿಚಾರ ಸಂಕಿರಣ. ವಿಷಯ, ತೋಡಿ ರಾಗದ ಗಾಂಧಾರ, ಅಂದರೆ ಸರಿಗಮದ 'ಗ'. ಒಬ್ಬರು 'ಸ'ಕ್ಕೆ ಹೋಲಿಸಿದರೆ ಅದರ ಕಂಪನದ ಪ್ರಮಾಣ 32:27 ಅಂದರು. ಇನ್ನೊಬ್ಬರು 6:5 ಅಂದರು. ಊಟದ ಹೊತ್ತಾಯಿತು, ಗೋಡೆ ತುಂಬ ಅಂಕಿ. ಗಾಂಧಾರ ಮಾತ್ರ ಯಾರ ಕಿವಿಗೂ ಬಿದ್ದಿಲ್ಲ. ವೇದಿಕೆ ಮೇಲೆ ಸರಸ್ವತಿ ಪಟದ ಪಕ್ಕದಲ್ಲಿ ಒಂದು ವೀಣೆ ಇತ್ತು, ಸೇವಂತಿಗೆ ಹಾರ ಹಾಕಿಸಿಕೊಂಡು, ಬರೀ ಅಲಂಕಾರಕ್ಕೆ. ಕೊನೆಯ ಸಾಲಿನಲ್ಲಿದ್ದ ವಯಸ್ಸಾದ ವೈಣಿಕರೊಬ್ಬರು ಎದ್ದು ಹೋದರು. ಹಾರ ತೆಗೆದು ಪಕ್ಕಕ್ಕಿಟ್ಟರು. ಬಿರಡೆ ತಿರುಗಿಸಿದರೆ ಕಿರ್ ಅಂತ ಸದ್ದು! ಹತ್ತು ನಿಮಿಷ ಶ್ರುತಿ ಮಾಡಿದರು. ಸಂಘಟಕರು ಗಡಿಯಾರ ನೋಡುತ್ತಿದ್ದರು, ವೈಣಿಕರು ಲೆಕ್ಕಕ್ಕೇ ತಗೊಳ್ಳಲಿಲ್ಲ. ಆಮೇಲೆ ತಂತಿ ಎಳೆದು ಗಾಂಧಾರವನ್ನು ನಿಧಾನಕ್ಕೆ ತೂಗುತ್ತಾ ಇಬ್ಬರು ಪ್ರಾಧ್ಯಾಪಕರಿಗೂ ಹೇಳಿದರು, "ನಿಮ್ಮ ಗಾಂಧಾರ ಬಂದಾಗ ಹೇಳಿ ಸ್ವಾಮಿ, ಅಲ್ಲೇ ನಿಲ್ಲಿಸ್ತೀನಿ."

ಒಬ್ಬರು "ಇದೇ" ಅಂದರು. ನಿಲ್ಲಿಸಿದರು. ನಿಂತ ಕೂಡಲೇ ಅದು ತೋಡಿಯಾಗಿ ಉಳಿಯಲಿಲ್ಲ. ಮತ್ತೆ ತೂಗಿದರು. ಇನ್ನೊಬ್ಬರು "ಇಲ್ಲಿ" ಅಂದರು. ಅಲ್ಲೂ ಅದೇ ಕಥೆ. ಇಡೀ ಸಭೆ ನಕ್ಕಿತು, ಆ ಇಬ್ಬರೂ ನಕ್ಕರು. ಬೆಳಗಿನಿಂದ ಅವರು ಅಳೆಯುತ್ತಿದ್ದದ್ದು ತೂಗುವ ಉಯ್ಯಾಲೆಯನ್ನು, ಅಲ್ವಾ?

ವೀಣೆ ಬೇಕೇ ಬೇಕು ಅನ್ನುವುದು ಶಾಸ್ತ್ರ ಬರೆದವರಿಗೆ ಗೊತ್ತಿತ್ತು. ವಿಜಯನಗರದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಬರೆದಾಗ ವೀಣೆಗೇ ಒಂದು ಪ್ರಕರಣ ಇಟ್ಟ, ಯಾವ ತಂತಿಗೆ ಯಾವ ಮೆಟ್ಟಿಲಲ್ಲಿ, ಅಂದರೆ ತಂತಿ ಒತ್ತುವ ಯಾವ ಪಟ್ಟಿಯಲ್ಲಿ, ಯಾವ ಸ್ವರ ಅಂತ. ಮುಂದಿನ ಶತಮಾನದಲ್ಲಿ ವೆಂಕಟಮಖಿ 72 ಮೇಳಗಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಗುಂಪುಗಳ, ಲೆಕ್ಕ ಹಾಕಿದ. ಆಗ ಬಳಕೆಯಲ್ಲಿದ್ದವು 19 ಮಾತ್ರ. ಆ ಲೆಕ್ಕದ ಬುಡದಲ್ಲಿ ಇರುವುದು ಸ್ಥಾಯಿಯ 12 ಸ್ವರಸ್ಥಾನ. ಇವತ್ತಿನ ವೀಣೆಯಲ್ಲಿ ಒಂದು ಸ್ಥಾಯಿಗೆ ಮೆಟ್ಟಿಲೂ ಅಷ್ಟೇ. ಕೈಯಲ್ಲಿ ವೀಣೆ ಹಿಡಿದರೆ ಇದು ಎರಡೇ ನಿಮಿಷದ ಪಾಠ. ಬರೀ ಪ್ರಬಂಧದಲ್ಲಿ ಓದಿದರೆ ಎರಡು ಗಂಟೆ, ಆಗಲೂ ತಲೆಗೆ ಹೋಗುವುದಿಲ್ಲ.

ಇನ್ನು ಭರತ. ನಾಟ್ಯಶಾಸ್ತ್ರದಲ್ಲಿ ಆತ ಎರಡು ವೀಣೆ ಇಟ್ಟುಕೊಳ್ಳಿ ಅನ್ನುತ್ತಾನೆ. ಒಂದನ್ನು ಮುಟ್ಟಬೇಡಿ, ಇನ್ನೊಂದನ್ನು ಒಂದೊಂದೇ ಶ್ರುತಿ ಇಳಿಸಿ. ಎರಡನೇ ಸಲ ಇಳಿಸಿದಾಗ ಇದರ ಗಾಂಧಾರ ಅದರ ರಿಷಭದಲ್ಲಿ ಹೋಗಿ ಕೂರುತ್ತದೆ. ನಾಲ್ಕು ಸಲ ಇಳಿಸುವಷ್ಟರಲ್ಲಿ 22ರ ಲೆಕ್ಕ ಸಿಗುತ್ತದೆ. ಇದನ್ನು ಪೂರ್ತಿ ಬಿಡಿಸಿ ಹೇಳಬೇಕೆಂದಿದ್ದೆ. ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮುಂದಿನ ಸಲ ಕರೆದರೆ ಎರಡು ವೀಣೆ ತರುತ್ತೇನೆ. ನಮಸ್ಕಾರ.