ಎರಡು ತೀರಗಳ ಜಗಳ, ಮೂರನೆಯವರ ಕುಣಿತ

ಎಲ್ಲರಿಗೂ ನಮಸ್ಕಾರ.

ತೊಂಬತ್ತರ ದಶಕದ ಹಿಪ್‌ಹಾಪ್ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಎರಡು ಕೊಲೆ. 1996ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ರ್‍ಯಾಪರ್ ಟುಪಾಕ್ ಶಕುರ್‌ಗೆ ಗುಂಡು ಹೊಡೆದರು. ಆರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. 1997ರ ಮಾರ್ಚ್ 9ರಂದು ಲಾಸ್ ಏಂಜಲಿಸ್‌ನಲ್ಲಿ ಇನ್ನೊಬ್ಬ ರ್‍ಯಾಪರ್ ನಟೋರಿಯಸ್ ಬಿಐಜಿಯನ್ನು ಕೊಂದರು. ಒಬ್ಬನಿಗೆ 25 ವಯಸ್ಸು, ಇನ್ನೊಬ್ಬನಿಗೆ 24. ಟುಪಾಕ್ ಸೇರಿದಂತೆ ಅಮೆರಿಕದ ಪಶ್ಚಿಮ ತೀರದವರು ಒಂದು ಕಡೆ, ಬಿಐಜಿ ಸೇರಿದಂತೆ ಪೂರ್ವ ತೀರದ ನ್ಯೂಯಾರ್ಕಿನವರು ಇನ್ನೊಂದು ಕಡೆ. ಈ ಕಥೆ ಸಾಕಷ್ಟು ಸಲ ಹೇಳಿಯಾಗಿದೆ, ಸಿನಿಮಾಗಳೂ ಬಂದಿವೆ. ಹಾಗಾಗಿ ಯಾರು ಯಾರನ್ನು ಬೈದರು ಅನ್ನುವುದನ್ನು ನಾನು ಜಾಸ್ತಿ ಎಳೆಯುವುದಿಲ್ಲ. ಬೈದಾಡಿಕೊಂಡೇ ಇವರೆಲ್ಲ ಯಾವ ತಾಳಕ್ಕೆ ಕುಣಿಯುತ್ತಿದ್ದರು? ಇವತ್ತು ಅದನ್ನು ನೋಡೋಣ, ಆಮೇಲೆ ಮೂರನೆಯವರ ಹತ್ತಿರ, ಅಂದರೆ ಅಮೆರಿಕದ ದಕ್ಷಿಣದವರ ಹತ್ತಿರ ಹೋಗೋಣ.

ಎರಡು ಹಾಡು ತೆಗೆದುಕೊಳ್ಳಿ. ಟುಪಾಕ್ ಜೈಲಿನಿಂದ ಹೊರಬಂದ ಮೇಲೆ, 1995ರ ಕೊನೆಯಲ್ಲಿ ಬಂದ 'ಕ್ಯಾಲಿಫೋರ್ನಿಯಾ ಲವ್'. ಪಶ್ಚಿಮದವರ ನಾಡಗೀತೆ ಅಂತಲೇ ಕರೆಯಬಹುದು. ಅದರ ಪಲ್ಲವಿಯಲ್ಲಿ ಯಂತ್ರ ಮಾತಾಡಿದಂಥ ಒಂದು ದನಿ ಇದೆ. ಅದು ರಾಜರ್ ಟ್ರೌಟ್‌ಮನ್ ಅವರದ್ದು. ಇನ್ನೊಂದು, ಬಿಐಜಿ ಸತ್ತು ಎರಡು ವಾರಕ್ಕೆ ಹೊರಬಂದ ಆಲ್ಬಮ್ಮಿನ 'ಗೋಯಿಂಗ್ ಬ್ಯಾಕ್ ಟು ಕ್ಯಾಲಿ'. ಇದರ ತಳದಲ್ಲಿರುವುದು 1980ರಲ್ಲಿ ಜ್ಯಾಪ್ ತಂಡ ಮಾಡಿದ 'ಮೋರ್ ಬೌನ್ಸ್ ಟು ದ ಔನ್ಸ್'. ಜ್ಯಾಪ್ ಯಾರ ತಂಡ? ಅದೇ ರಾಜರ್ ಟ್ರೌಟ್‌ಮನ್ ಮತ್ತು ಅವರ ಅಣ್ಣತಮ್ಮಂದಿರದ್ದು. ಅವರು ಪೂರ್ವದವರೂ ಅಲ್ಲ, ಪಶ್ಚಿಮದವರೂ ಅಲ್ಲ. ಎರಡೂ ತೀರಕ್ಕೆ ದೂರದ ಒಹಾಯೋ ರಾಜ್ಯದವರು. ವೈರಿಗಳು ಇಬ್ಬರೂ ಕೊಡ ಇಳಿಸಿದ್ದು ಒಂದೇ ಬಾವಿಗೆ.

ಆ ದನಿ ಹೇಗೆ ಬರುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ, ತಮಾಷೆಯಾಗಿದೆ. ಅದಕ್ಕೆ ಟಾಕ್ ಬಾಕ್ಸ್ ಅಂತಾರೆ. ಕೀಬೋರ್ಡಿನ ಸದ್ದು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾದು ಹಾಡುವವನ ಬಾಯಿಗೆ ಬರುತ್ತದೆ. ಅವನು ಗಂಟಲಿನಿಂದ ಸ್ವರ ಹೊರಡಿಸುವುದೇ ಇಲ್ಲ. ಕೊಳವೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ನೆ ತುಟಿ, ನಾಲಿಗೆ ಆಡಿಸುತ್ತಾನೆ. ಬಾಯಿಂದ ವಾಪಸ್ ಬರುವ ಸದ್ದನ್ನು ಮೈಕು ಹಿಡಿಯುತ್ತದೆ. ಕೇಳುವವರಿಗೆ ಕೀಬೋರ್ಡೇ ಬಾಯಿಬಿಟ್ಟು ಹಾಡಿದ ಹಾಗಿರುತ್ತದೆ.

ಇದು ಒಂದೇ ಉದಾಹರಣೆ ಅಂದುಕೊಳ್ಳಬೇಡಿ. ಬಿಐಜಿಯ 'ಮೋ ಮನಿ ಮೋ ಪ್ರಾಬ್ಲಮ್ಸ್' ನಿಂತಿರುವುದು ಡಯಾನಾ ರಾಸ್ 1980ರಲ್ಲಿ ಹಾಡಿದ ಡಿಸ್ಕೊ ಹಾಡಿನ ಮೇಲೆ. ಅದನ್ನು ಕಟ್ಟಿದ್ದು ಶೀಕ್ ತಂಡದ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್. ಇದೇ ಜೋಡಿಯ 'ಗುಡ್ ಟೈಮ್ಸ್' ಹಾಡಿನ ಬೇಸ್, ಅಂದರೆ ತಗ್ಗು ಸ್ವರದ ಗತಿ, ಇಟ್ಟುಕೊಂಡೇ 1979ರಲ್ಲಿ 'ರ್‍ಯಾಪರ್ಸ್ ಡಿಲೈಟ್' ಬಂದಿದ್ದು, ರ್‍ಯಾಪ್ ಮೊದಲ ಬಾರಿಗೆ ಮನೆಮನೆಯ ರೇಡಿಯೊ ತಲುಪಿದ್ದು. ಅತ್ತ ಪಶ್ಚಿಮದಲ್ಲಿ ರ್‍ಯಾಪರ್ ಡಾಕ್ಟರ್ ಡ್ರೇ 1992ರ 'ದ ಕ್ರಾನಿಕ್' ಆಲ್ಬಮ್ಮಿನಲ್ಲಿ ಪಾರ್ಲಮೆಂಟ್ ಮತ್ತು ಫಂಕಡೆಲಿಕ್ ತಂಡಗಳ ಫಂಕ್ ಎಂಬ ಕುಣಿತದ ಸಂಗೀತವನ್ನು ಹೊಸದಾಗಿ ಬಾರಿಸಿದ. ಮಾತು ಗುಂಡು ಹಾರಿಸುವುದರ ಬಗ್ಗೆ, ತಾಳ ಮಾತ್ರ ಕುಣಿಯುವವರದ್ದು.

ಆದರೆ ಕುಣಿಯುತ್ತೇವೆ ಅಂತ ಒಪ್ಪಿಕೊಳ್ಳುವುದಕ್ಕೆ ಇವರಿಗೆ ನಾಚಿಕೆ. ಡ್ರೇ ವಿಷಯವನ್ನೇ ನೋಡಿ. ಗ್ಯಾಂಗ್‌ಸ್ಟಾ, ಅಂದರೆ ಗೂಂಡಾ ಬದುಕನ್ನು ಹಾಡುವ ರ್‍ಯಾಪರ್, ಆಗುವ ಮುಂಚೆ, ಎಂಬತ್ತರ ದಶಕದ ಮಧ್ಯದಲ್ಲಿ, ಆತ ವರ್ಲ್ಡ್ ಕ್ಲಾಸ್ ರೆಕಿನ್ ಕ್ರೂ ಅನ್ನುವ ತಂಡದಲ್ಲಿದ್ದ. ವೇಗದ ಎಲೆಕ್ಟ್ರೊ ಸಂಗೀತ, ಮಿಣಮಿಣ ಬಟ್ಟೆ, ಕ್ಲಬ್ಬಿನ ಡಾನ್ಸ್. ಮುಂದೆ ಹಳೆಯ ಜೊತೆಗಾರ ಈಝಿ-ಇ ಜೊತೆ ಜಗಳ ಆಯಿತು. 1993ರಲ್ಲಿ ಈಝಿ ಒಂದು ರೆಕಾರ್ಡ್ ತಂದ. ಅದರ ಜೊತೆ ಏನು ಅಚ್ಚು ಹಾಕಿಸಿದ ಗೊತ್ತಾ? ಡ್ರೇ ಆ ಮಿಣಮಿಣ ಬಟ್ಟೆಯಲ್ಲಿ, ಮೇಕಪ್ ಹಾಕಿಕೊಂಡು ನಿಂತಿದ್ದ ಹಳೇ ಫೋಟೊ. ಬೇರೆ ಬೈಗುಳ ಯಾಕೆ ಬೇಕು? 'ನೋಡಿ, ಇವನು ಡಾನ್ಸ್ ಪಾರ್ಟಿ' ಅಂದರೆ ಮರ್ಯಾದೆ ಕಳೆದ ಹಾಗೆ. ಕುಣಿಯುತ್ತಾ ಹಾಡುತ್ತಿದ್ದ, ಕ್ಯಾಲಿಫೋರ್ನಿಯಾದ ಓಕ್ಲಂಡಿನ ಎಂಸಿ ಹ್ಯಾಮರ್‌ನನ್ನೂ ಹೀಗೇ ಆಡಿಕೊಂಡರು. 1990ರಲ್ಲಿ ಆತನ ಆಲ್ಬಮ್ 21 ವಾರ ಮೊದಲ ಸ್ಥಾನದಲ್ಲಿತ್ತು. ಜಂಬದ ರ್‍ಯಾಪರ್‌ಗಳಿಗೆ ಕಂಡಿದ್ದು ಆತನ ದೊಗಲೆ ಪ್ಯಾಂಟು ಮಾತ್ರ.

ಇದು ನನಗೆ ವಿಚಿತ್ರ ಅನ್ನಿಸುತ್ತದೆ. ಹಿಪ್‌ಹಾಪ್ ಹುಟ್ಟಿದ್ದೇ ಕುಣಿಯುವವರಿಗಾಗಿ ಅಲ್ವಾ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಕಟ್ಟಡದ ಹಾಲ್‌ನಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ. ಹಾಡಿನಲ್ಲಿ ಬರೀ ಡ್ರಮ್ ಉಳಿಯುವ ಜಾಗಕ್ಕೆ ಜನ ಜೋರಾಗಿ ಕುಣಿಯುವುದನ್ನು ಆತ ಗಮನಿಸಿದ್ದ. ಆ ತುಣುಕನ್ನೇ ಎರಡು ಟರ್ನ್‌ಟೇಬಲ್‌ನಲ್ಲಿ ಎಳೆದೆಳೆದು ಉದ್ದ ಮಾಡುತ್ತಿದ್ದ. ಮೈಕ್ ಹಿಡಿದವನದ್ದು ಆಗ ಎರಡನೇ ಕೆಲಸ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಊರಿನವರು ಕೈಕಟ್ಟಿ, ತಲೆ ಮಾತ್ರ ಆಡಿಸುತ್ತಾ ನಿಲ್ಲುವುದನ್ನು ಕಲಿತರು.

ಈಗ ದಕ್ಷಿಣಕ್ಕೆ ಬರೋಣ. ನಾನು ಹೇಳಬೇಕೆಂದುಕೊಂಡು ಬಂದಿದ್ದು ಇಲ್ಲಿಂದ ಮುಂದಿನದ್ದು.

ಜಪಾನಿನ ರೋಲಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ಮಾಡಿತು. ಅದರ ಸದ್ದು ನಿಜವಾದ ಡ್ರಮ್ಮಿನ ಹಾಗಿರಲಿಲ್ಲ. ಸುಮಾರು 12,000 ಯಂತ್ರ ಮಾಡಿ 1983ರಲ್ಲಿ ನಿಲ್ಲಿಸಿಬಿಟ್ಟರು. ಆಮೇಲೆ ಅದು ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂತು, ಕೈಯಲ್ಲಿ ಕಾಸಿಲ್ಲದ ಹುಡುಗರಿಗೂ ಸಿಕ್ಕಿತು. ಅದರಲ್ಲಿ ಕಿಕ್ ಡ್ರಮ್‌ಗೆ, ಅಂದರೆ ದಪ್ಪ ದನಿಯ ದೊಡ್ಡ ಡ್ರಮ್‌ಗೆ, ಒಂದು ತಿರುಗಿಸುವ ಗುಬಟು ಇದೆ. ಅದನ್ನು ತಿರುಗಿಸುತ್ತಾ ಹೋದರೆ ಏಟು ಬಿದ್ದ ಮೇಲೂ ಸದ್ದು ನಿಲ್ಲದೆ 'ಗೂಂ' ಅಂತ ಉಳಿಯುತ್ತದೆ. ಮಯಾಮಿಯ ಹುಡುಗರು ಅದನ್ನು ಪೂರ್ತಿ ತಿರುಗಿಸಿದರು. ಆಗ ನ್ಯೂಯಾರ್ಕಿನ ಹಾಡುಗಳು ನಿಮಿಷಕ್ಕೆ 90-95 ಏಟಿನ ನಡಿಗೆಯಲ್ಲಿದ್ದರೆ, ಇವರು 125ರ ಆಚೆಗೆ ಓಡಿಸಿದರು. ಕಾರಿನ ಡಿಕ್ಕಿ ತುಂಬ ಸ್ಪೀಕರ್ ಕೂರಿಸಿದರು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಕಾರು ಬಂದು ನಿಂತರೆ ಅದರ ನಂಬರ್ ಪ್ಲೇಟು ಗಡಗಡ ಅನ್ನುವುದು ಮೊದಲು ಕೇಳಿಸಬೇಕು, ಪದಗಳು ಆಮೇಲೆ. ಮಯಾಮಿ ಬೇಸ್ ಅಂದರೆ ಇದು.

ಈ ಊರಿಗೆ ಹೆಸರು ತಂದದ್ದೂ ಕೆಡಿಸಿದ್ದೂ ಟೂ ಲೈವ್ ಕ್ರೂ ಅನ್ನುವ ತಂಡ. ಸೋಜಿಗ ಅಂದರೆ ಈ ತಂಡ ಶುರುವಾಗಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅದರ ಫ್ರೆಶ್ ಕಿಡ್ ಐಸ್ ಹುಟ್ಟಿದ್ದು ಟ್ರಿನಿಡಾಡ್‌ನಲ್ಲಿ. ಅವರು ಮಯಾಮಿಗೆ ಬಂದು, ಲೂಥರ್ ಕ್ಯಾಂಬೆಲ್ ಜೊತೆ ಸೇರಿ, ಆ ಊರಿನ ದನಿಯೇ ಆಗಿಬಿಟ್ಟರು. 1990ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅವರ ಆಲ್ಬಮ್ ಅಶ್ಲೀಲ ಅಂತ ತೀರ್ಪು ಕೊಟ್ಟರು. 1992ರಲ್ಲಿ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಹೆಂಗಸರ ಬಗ್ಗೆ ಆ ಹಾಡುಗಳಲ್ಲಿರುವ ಮಾತು ಕೊಳಕು, ಅದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಕೊಳಕು ಮಾತು ಎಲ್ಲ ಊರಿನ ರ್‍ಯಾಪಿನಲ್ಲೂ ಇತ್ತು. ದಕ್ಷಿಣದ್ದು ಕುಣಿತದ ತಾಳಕ್ಕೆ ಬಂದಿದ್ದರಿಂದ 'ಇದು ಸಂಗೀತವೇ ಅಲ್ಲ' ಅಂತ ತಳ್ಳಿಹಾಕುವುದು ಎಲ್ಲರಿಗೂ ಸುಲಭವಾಯಿತು.

ಇಲ್ಲಿನ ಪೈಪೋಟಿಯೂ ಬೇರೆ ತರಹ. 1993ರಲ್ಲಿ ಫ್ಲೋರಿಡಾದ ಜಾಕ್ಸನ್‌ವಿಲ್‌ನಿಂದ ನೈಂಟಿ ಫೈವ್ ಸೌತ್ ತಂಡ 'ವೂಟ್, ದೇರ್ ಇಟ್ ಇಸ್' ತಂದಿತು. ಅದೇ ವರ್ಷ ಅಟ್ಲಾಂಟಾದಿಂದ ಟ್ಯಾಗ್ ಟೀಮ್ 'ವೂಂಪ್! ದೇರ್ ಇಟ್ ಇಸ್' ತಂದಿತು. ಒಂದೇ ಕೂಗು, ಎರಡು ಊರು. ನಮ್ಮದು ಮೊದಲು, ನಿಮ್ಮದು ಆಮೇಲೆ ಅನ್ನುವ ತಕರಾರು. ಅಟ್ಲಾಂಟಾದ್ದು ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಏರಿತು. ಅದರ ಸಂಗೀತದ ಒಂದು ತುಂಡು ಕಾನೊ ಅನ್ನುವ ಇಟಲಿಯ ಡಿಸ್ಕೊ ತಂಡದ್ದು! ಈ ಜಗಳದಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ. ಡಿಜೆಗಳು ಎರಡನ್ನೂ ಹಾಕಿದರು, ಜನ ಎರಡಕ್ಕೂ ಕುಣಿದರು.

1995ರ ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ಸೋರ್ಸ್ ಎಂಬ ಹಿಪ್‌ಹಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭ ನಡೆಯಿತು. ಪಶ್ಚಿಮದ ಡೆತ್ ರೋ ರೆಕಾರ್ಡ್ ಕಂಪನಿಯ ಶುಗ್ ನೈಟ್ ವೇದಿಕೆ ಮೇಲೆ ನಿಂತು, ವಿಡಿಯೊ ತುಂಬ ಬಂದು ಕುಣಿಯುವ ನಿರ್ಮಾಪಕ ಬೇಡವೆನ್ನುವವರು ನಮ್ಮ ಹತ್ತಿರ ಬನ್ನಿ ಅಂದ. ಅದು ನ್ಯೂಯಾರ್ಕಿನ ಬ್ಯಾಡ್ ಬಾಯ್ ಕಂಪನಿಯ ಪಫ್ ಡ್ಯಾಡಿಗೆ ಬಿಟ್ಟ ಬಾಣ. ಗಮನಿಸಿ, ಇಲ್ಲೂ ಕುಣಿಯುವುದೇ ಹೀಯಾಳಿಕೆ. ಅದೇ ರಾತ್ರಿ ಅಟ್ಲಾಂಟಾದ ಔಟ್‌ಕಾಸ್ಟ್‌ಗೆ ಹೊಸ ತಂಡದ ಪ್ರಶಸ್ತಿ ಸಿಕ್ಕಿತು. ಸಭೆ ಬೂ ಅಂತ ಕೂಗಿತು. ಆ ತಂಡದ ಆಂಡ್ರೆ ಮೈಕ್ ಹತ್ತಿರ ಬಂದು, ದಕ್ಷಿಣಕ್ಕೂ ಹೇಳೋದು ಇದೆ, ಅಷ್ಟೇ ಅಂತ ಹೇಳಿ ಇಳಿದ.

ಅವನು ಹೇಳಿದ್ದು ಮಾತಿನ ಬಗ್ಗೆ. ಆದರೆ ಅಷ್ಟರಲ್ಲಿ ನ್ಯೂ ಆರ್ಲಿಯನ್ಸ್ ಸೊಂಟದಲ್ಲೇ ಹೇಳುತ್ತಿತ್ತು. ಆ ಊರಿನ ಬೌನ್ಸ್ ಸಂಗೀತಕ್ಕೆ ಬೇರು ಎಲ್ಲಿಯದು ಅಂತ ಕೇಳಿದರೆ ನಗು ಬರುತ್ತದೆ. 1986ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನವರಾದ ಶೋಬಾಯ್ಸ್ 'ಡ್ರ್ಯಾಗ್ ರ್‍ಯಾಪ್' ಅಂತ ಒಂದು ಹಾಡು ಮಾಡಿದರು. ಸ್ವಂತ ಊರಲ್ಲಿ ಯಾರೂ ಕೇಳಲಿಲ್ಲ. ಮೆಂಫಿಸ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಅದನ್ನು ಬಿಡಲಿಲ್ಲ. ಹಾಡಿನಲ್ಲಿ ಬರುವ ಪಾತ್ರದ ಹೆಸರಿನಿಂದ ಅದಕ್ಕೆ 'ಟ್ರಿಗರ್‌ಮ್ಯಾನ್' ಅಂತಲೇ ಹೆಸರಾಯಿತು. ಡಿಜೆಗಳು ಪದಗಳನ್ನು ಕಿತ್ತುಹಾಕಿ, ಆ ತಾಳದ ತುಣುಕನ್ನೇ ಮತ್ತೆ ಮತ್ತೆ ಸುತ್ತಿಸಿದರು. 1991ರಲ್ಲಿ ಟಿ. ಟಕರ್ ಮತ್ತು ಡಿಜೆ ಅರ್ವ್ ಅದರ ಮೇಲೆ 'ವೇರ್ ಡೇ ಆಟ್' ಮಾಡಿದರು.

ಬೌನ್ಸ್‌ನಲ್ಲಿ ಉದ್ದುದ್ದ ಕಥೆ ಇರುವುದಿಲ್ಲ. ಮೈಕ್ ಹಿಡಿದವನು ಕೇರಿಗಳ ಹೆಸರು ಕೂಗುತ್ತಾನೆ. ಮೂರನೇ ವಾರ್ಡ್! ಒಂಬತ್ತನೇ ವಾರ್ಡ್! ಮ್ಯಾಗ್ನೋಲಿಯಾ, ಕ್ಯಾಲಿಯೋಪ್, ಮೆಲ್ಪೊಮೀನ್ ಅಂತ ಸರ್ಕಾರಿ ವಸತಿ ಸಮುಚ್ಚಯಗಳ ಹೆಸರು. ತಮ್ಮ ಕೇರಿಯ ಹೆಸರು ಬಂದಾಗ ಅಲ್ಲಿಯವರು ಕೂಗಿ, ಮುಂದೆ ಬಂದು ಕುಣಿಯುತ್ತಾರೆ. ಆ ಕೇರಿಗಳ ನಡುವೆ ನಿಜವಾದ ಹಗೆತನವೂ ಇತ್ತು, ಹೆಣಗಳೂ ಬಿದ್ದಿವೆ. ಆದರೆ ಪೂರ್ವ-ಪಶ್ಚಿಮದ ಜಗಳದಲ್ಲಿ ಎದುರಾಳಿಯ ಹೆಸರು ಎತ್ತುವುದು ಅವಮಾನ ಮಾಡುವುದಕ್ಕೆ. ಇಲ್ಲಿ ಹೆಸರು ಎತ್ತುವುದು ಕರೆಯುವುದಕ್ಕೆ. ಒಂದೇ ಹಾಡಿನಲ್ಲಿ ಎಲ್ಲ ಕೇರಿಗೂ ಸರದಿ ಇದೆ. ನನ್ನ ಮಟ್ಟಿಗೆ ತೊಂಬತ್ತರ ದಶಕದ ಅತ್ಯಂತ ಜಾಣ ಪ್ರಾದೇಶಿಕ ಸಂಗೀತ ಇದೇ.

ಈ ಬೌನ್ಸ್ ಜಗತ್ತಿನ ಒಬ್ಬ ದೊಡ್ಡ ಹೆಸರು ಡಿಜೆ ಜುಬಿಲಿ. ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಟ್ವರ್ಕ್, ಅಂದರೆ ಸೊಂಟ ಕುಲುಕಿಸಿ ಕುಣಿಯುವುದು, ಅನ್ನುವ ಪದ ರೆಕಾರ್ಡಿನಲ್ಲಿ ಮೊದಲು ಕೇಳಿಸಿದ್ದು ಇವರ 1993ರ ಹಾಡಿನಲ್ಲಿ ಅಂತಾರೆ. ಹಿಂಭಾಗ ತಿರುಗಿಸಿ ಕುಣಿ ಅನ್ನುವ ಅರ್ಥದ ಇವರದೊಂದು ಹಾಡು ಊರಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಮ್ಯಾಗ್ನೋಲಿಯಾದ ರ್‍ಯಾಪರ್ ಜುವೆನೈಲ್, ಕ್ಯಾಶ್ ಮನಿ ರೆಕಾರ್ಡ್ ಕಂಪನಿಗೆ, ಹೆಚ್ಚುಕಮ್ಮಿ ಅದೇ ಹೆಸರಿನ ಇನ್ನೊಂದು ಹಾಡು ಮಾಡಿದ. ತಾಳ ಹಾಕಿದ್ದು ಮ್ಯಾನಿ ಫ್ರೆಶ್. ಪಿಟೀಲಿನ ಸದ್ದಿನಿಂದ ಶುರುವಾಗುವ ಆ ಹಾಡು 1999ರಲ್ಲಿ ದೇಶವನ್ನೇ ಕುಣಿಸಿತು. ತಲೆ ಮಾತ್ರ ಆಡಿಸುತ್ತಿದ್ದ ನ್ಯೂಯಾರ್ಕಿನ ಕ್ಲಬ್ಬುಗಳೂ ಅದರಲ್ಲಿ ಸೇರಿದವು. ಜುಬಿಲಿ ಪರವಾಗಿ ಅವರ ಕಂಪನಿ ಕೋರ್ಟಿಗೆ ಹೋಯಿತು. ಜ್ಯೂರಿಯವರು ಕೂತು ಎರಡೂ ಹಾಡನ್ನು ಹೋಲಿಸಬೇಕಾಯಿತು. ತೀರ್ಪು ಕ್ಯಾಶ್ ಮನಿ ಕಡೆಗೇ ಬಂತು, 2004ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ನ್ಯೂ ಆರ್ಲಿಯನ್ಸ್‌ನವರು ಇವತ್ತಿಗೂ ಎರಡಕ್ಕೂ ಕುಣಿಯುತ್ತಾರೆ. ಯಾವುದು ಮೊದಲು ಅಂತ ಕೇಳಿದರೆ ಮಾತ್ರ ಜಗಳ ಶುರು.

ಪ್ರಶ್ನೆ ಇದ್ದರೆ ಕೇಳಿ. ಎರಡು ಹಾಡು ತಂದಿದ್ದೇನೆ, ಆಮೇಲೆ ಹಾಕೋಣ.