ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಎಲ್ಲರಿಗೂ ನಮಸ್ಕಾರ.

ಬೀದಿಯಲ್ಲಿ ಕ್ರಿಕೆಟ್ ಆಡುವಾಗ ತೀರಾ ಪುಟ್ಟ ಮಕ್ಕಳನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳುತ್ತಿದ್ದೆವು, ನೆನಪಿದೆ ಅಲ್ವಾ? ಔಟಾದರೂ ಔಟಲ್ಲ, ಓಡಿದರೂ ರನ್ನಿಲ್ಲ. ವಿಡಿಯೊ ಗೇಮಿನ ಸೆಟ್ಟಿಂಗ್ ಬದಲಿಸಿಕೊಂಡು ಆಡುವವರನ್ನು ಇವತ್ತಿಗೂ ತುಂಬಾ ಜನ ಹಾಗೇ ನೋಡುತ್ತಾರೆ. ಅದು ಸರಿಯಲ್ಲ ಅಂತ ಹೇಳಲಿಕ್ಕೇ ಬಂದಿದ್ದೇನೆ.

2018ರಲ್ಲಿ ಸೆಲೆಸ್ಟ್ ಅನ್ನುವ ಆಟ ಬಂತು. ಮ್ಯಾಡಲಿನ್ ಎಂಬ ಹುಡುಗಿ ಬೆಟ್ಟ ಹತ್ತುತ್ತಾಳೆ. ಜಿಗಿಯಬೇಕು, ಗಾಳಿಯಲ್ಲಿ ನುಗ್ಗಬೇಕು, ಗೋಡೆ ಹಿಡಿಯಬೇಕು. ಬಲು ಕಷ್ಟದ ಆಟ. ಆದರೆ ಮೆನುವಿನಲ್ಲಿ ‘ಅಸಿಸ್ಟ್ ಮೋಡ್’ ಇದೆ. ಆಟದ ವೇಗವನ್ನು ಶೇ. 100ರಿಂದ 50ರವರೆಗೆ ಹತ್ತತ್ತಾಗಿ ಇಳಿಸಬಹುದು. ಗೋಡೆ ಹಿಡಿದ ಕೈ ಸೋಲದಂತೆ ಮಾಡಬಹುದು. ಬೇಕಿದ್ದರೆ ಸಾವೇ ಇಲ್ಲದಂತೆಯೂ ಮಾಡಬಹುದು.

ನನ್ನ ಅಕ್ಕನಿಗೆ ಬೆರಳಿನ ಗಂಟುಗಳಲ್ಲಿ ನೋವು. ಬೆಳಿಗ್ಗೆ ಹೊತ್ತು ಲೋಟ ಹಿಡಿಯುವುದೂ ಕಷ್ಟ. ಅವಳು ವೇಗವನ್ನು 70ಕ್ಕೆ ಇಟ್ಟುಕೊಂಡು ಆಡುತ್ತಾಳೆ. ಉಳಿದ ಯಾವುದನ್ನೂ ಮುಟ್ಟಿಲ್ಲ.

ಇದನ್ನು ಮೋಸ ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಪೂರ್ತಿ ವೇಗದಲ್ಲಿ ಆಡುವ ನನಗೂ ಆ ಆಟ ಗುಟ್ಟಾಗಿ ಸಹಾಯ ಮಾಡುತ್ತಿದೆ. ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ 0.1 ಸೆಕೆಂಡಿನೊಳಗೆ ಗುಂಡಿ ಒತ್ತಿದರೆ ಮ್ಯಾಡಲಿನ್ ಜಿಗಿಯುತ್ತಾಳೆ. ಗೇಮ್ ಮಾಡುವವರು ಇದನ್ನು ‘ಕೊಯೊಟಿ ಟೈಮ್’ ಅನ್ನುತ್ತಾರೆ. ಜಿಗಿದಾಗ ತಲೆ ಮೂಲೆಗೆ ತಾಗಿದರೆ ಆಟವೇ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ಇದೆಲ್ಲ ನನ್ನದೇ ಕೈಚಳಕ ಅಂದುಕೊಂಡಿದ್ದೆ! ವೇಗ 70 ಆದಾಗ ಆ 0.1 ಸೆಕೆಂಡು ಸುಮಾರು 0.14 ಆಗುತ್ತದೆ. ಅಂಚಿನ ಆ ಜಿಗಿತದಲ್ಲಿ ನನಗೂ ಅಕ್ಕನಿಗೂ ಇರುವ ವ್ಯತ್ಯಾಸ ಇಷ್ಟೇ. ನನ್ನ ಬೆರಳಿಗೆ ಹೊಂದುವ ಸಂಖ್ಯೆಯನ್ನು ಬೇರೆಯವರು ಮೊದಲೇ ಹಾಕಿಟ್ಟಿದ್ದರು. ಅಕ್ಕ ತನ್ನದನ್ನು ತಾನೇ ಹಾಕಿಕೊಂಡಳು.

ಆಟ ತಯಾರಿಸಿದವರೂ ಇದರಲ್ಲಿ ಕಲಿತರು. ಅಸಿಸ್ಟ್ ಮೋಡ್ ಆರಿಸಿದಾಗ ಕಾಣುವ ಮಾತನ್ನು 2019ರಲ್ಲಿ ಬದಲಿಸಿದರು. ಮೊದಲಿನ ಮಾತಿನಲ್ಲಿ, ಹೀಗೆ ಆಡುವುದು ಒಂದು ಮೆಟ್ಟಿಲು ಕೆಳಗಿನದು ಅನ್ನುವ ಧ್ವನಿಯಿತ್ತು.

ನಾಲ್ಕು ಜನ ಸೇರಿ ಆಡುವಾಗ ಮಾತು ಬೇರೆ. ಗುಂಡು ಹಾರಿಸುವ ಆಟ ಕೌಂಟರ್ ಸ್ಟ್ರೈಕ್‌ನಲ್ಲಿ ಗುರುತ್ವದ ಸಂಖ್ಯೆ 800. ಸರ್ವರ್ ನಡೆಸುವವರು ಅದನ್ನು 200 ಮಾಡಿದರೆ ಎಲ್ಲರೂ ಗಾಳಿಪಟದ ಹಾಗೆ ತೇಲುತ್ತಾರೆ. ಮಜಾ ಇರುತ್ತದೆ, ತಪ್ಪೇನಿಲ್ಲ. ಒಬ್ಬನೇ ಸದ್ದಿಲ್ಲದೆ ತನಗೆ ಮಾತ್ರ ಬದಲಿಸಿಕೊಂಡರೆ ಅದು ಮೋಸ. ಆದರೆ ಒಂಟಿಯಾಗಿ ಬೆಟ್ಟ ಹತ್ತುವವಳು ಯಾರ ಪಾಲನ್ನೂ ಕಸಿಯುತ್ತಿಲ್ಲ.

ಗೇಮ್ ಕಟ್ಟುವವರು ಕೆಲವರು ಇಲ್ಲಿ ಕೂತಿದ್ದೀರಿ. ಕೋಡ್ ಒಳಗೆ ಹುದುಗಿಸಿದ ಅಂಥ ಒಂದೆರಡು ಸಂಖ್ಯೆಗಳನ್ನು ಮೆನುವಿಗೆ ತನ್ನಿ. ಪಕ್ಕದಲ್ಲಿ ಅದು ಏನು ಮಾಡುತ್ತದೆ ಅಂತ ಒಂದು ಸಾಲು ಬರೆಯಿರಿ. ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. “ಈಗ 80ಕ್ಕೆ ಏರಿಸಿದ್ದೀನಿ ಕಣೋ. ಬೆಟ್ಟದ ಮೇಲಿನ ಆ ದೆವ್ವದ ಹೋಟೆಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ, ನೀನು ಹೇಗೆ ದಾಟಿದೆ?” ಅಂತ ಕೇಳಿದಳು.